ಹಳೆ ಕಾರನ್ನು ಮತ್ತೆ ರಸ್ತೆಗೆ ಇಳಿಸುವುದು ಹೇಗೆ? ಅದಕ್ಕೆ ಸರಿಯಾದ ಟಯರ್ ಹುಡುಕುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಜ್ಜನ ಕಾಲದ ಫಿಯೆಟ್ ಹಟ್ಟಿಯ ಪಕ್ಕದ ಶೆಡ್‌ನಲ್ಲಿ ನಿಂತಿದೆ. ಸರಿ ಮಾಡಿಸಬಹುದಾ? ಅದಕ್ಕೆ ಟಯರ್ ಈಗ ಎಲ್ಲಿ ಸಿಗುತ್ತದೆ?" ಕೆಲವರದ್ದು ಅಂಬಾಸಿಡರ್, ಕೆಲವರದ್ದು ತೋಟಕ್ಕೆ ಓಡಿಸುತ್ತಿದ್ದ ವಿಲ್ಲೀಸ್ ಜೀಪ್. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಶುರುವಿಗೇ ಒಂದು ಮಾತು. ಹೆಚ್ಚಿನವರು ಪೇಂಟ್‌ನಿಂದ ಆರಂಭಿಸುತ್ತಾರೆ. ಇದ್ದ ಹಣವೆಲ್ಲ ಬಾಡಿ ಕೆಲಸಕ್ಕೆ, ಸೀಟಿಗೆ, ಕ್ರೋಮ್‌ಗೆ ಹೋಗುತ್ತದೆ. ಕೊನೆಗೆ ಟಯರಿನ ಸರದಿ ಬಂದಾಗ ಕೈಯಲ್ಲಿ ದುಡ್ಡಿಲ್ಲ. ಆಗ ಸಿಕ್ಕಿದ ಯಾವುದೋ ಟಯರ್ ಹಾಕಿ ಹೊರಡುತ್ತಾರೆ. ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಜಾಗದಲ್ಲಿ, ಒಂದೊಂದೂ ಅಂಗೈಯಷ್ಟು ಅಗಲ. ನಮ್ಮ ಜೂನ್, ಜುಲೈ ತಿಂಗಳ ಮಳೆಯಲ್ಲಿ ನಿಮ್ಮನ್ನು ಉಳಿಸುವುದು ಆ ನಾಲ್ಕು ಅಂಗೈ. ಹಾಗಾಗಿ ಟಯರಿನ ದುಡ್ಡನ್ನು ಮೊದಲೇ ತೆಗೆದಿಡಿ. ಉಳಿದದ್ದರಲ್ಲಿ ಬಾಡಿ ಕೆಲಸ ಮಾಡಿಸಿ.

ಕೈಯಲ್ಲಿ ಇರಬೇಕಾದದ್ದು

ಆರ್‌ಸಿ ಪುಸ್ತಕ, ಸಾಧ್ಯವಾದರೆ ಆ ಮಾಡೆಲ್‌ನ ಹಳೆ ಮ್ಯಾನ್ಯುಯಲ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಟೇಪ್, ಚಾಕ್‌ಪೀಸ್, ಟಾರ್ಚ್, ಗಾಳಿ ನೋಡುವ ಗೇಜ್. ಕಾರನ್ನು ಎತ್ತಿ ನಿಲ್ಲಿಸಲು ನಾಲ್ಕು ಗಟ್ಟಿ ಸ್ಟ್ಯಾಂಡ್ ಬೇಕು. ಬರೀ ಜ್ಯಾಕ್ ನಂಬಿ ಯಾವತ್ತೂ ಕಾರಿನ ಅಡಿಗೆ ಹೋಗಬೇಡಿ. ಕೆಂಪು ಕಲ್ಲು ಪೇರಿಸಿ ಅದರ ಮೇಲೆ ಕಾರು ನಿಲ್ಲಿಸುವುದೂ ಬೇಡ. ನಮ್ಮ ಮುರಕಲ್ಲು ಇದ್ದಕ್ಕಿದ್ದ ಹಾಗೆ ಒಡೆಯುತ್ತದೆ.

ಹಂತ 1: ದಾಖಲೆ

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಿ. ಆರ್‌ಸಿಯಲ್ಲಿ ಇರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಕಾರಿನ ಮೇಲೆ ಇರುವುದಕ್ಕೆ ಸರಿಹೊಂದಬೇಕು. ನಂಬರ್ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ತುಕ್ಕು ಹಿಡಿದಿದ್ದರೆ ಗ್ರೈಂಡರ್ ಹಾಕಬೇಡಿ, ನಂಬರೇ ಅಳಿಸಿಹೋಗುತ್ತದೆ. ಸೀಮೆಎಣ್ಣೆ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರೆ ಸಾಕು.

ಮುಂದಿನದು, ಕಾರಿನ ನಂಬರ್ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ಸಿಗುತ್ತದಾ ನೋಡಿ. ಹಳೆ ಮಾದರಿಯ ನಂಬರಿನ ಗಾಡಿಗಳು ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ. ಆಗ ಆರ್‌ಟಿಒದಲ್ಲಿ ಹಳೆ ರಿಜಿಸ್ಟರ್ ನೋಡಿ 'ಬ್ಯಾಕ್‌ಲಾಗ್ ಎಂಟ್ರಿ' ಮಾಡಿಸಬೇಕು, ಅಂದರೆ ಹಳೆ ವಿವರವನ್ನು ಈಗಿನ ವ್ಯವಸ್ಥೆಗೆ ಸೇರಿಸುವುದು. ಇದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಕೆಲಸದ ಮೊದಲ ವಾರವೇ ಅರ್ಜಿ ಹಾಕಿ.

ನಮ್ಮ ಕಡೆ ಇನ್ನೊಂದು ವಿಷಯ ಬರುತ್ತದೆ. ಗಾಡಿ ಪುತ್ತೂರಿನ ಮಾವನ ಮನೆಯಿಂದಲೋ ಮಂಗಳೂರಿನಿಂದಲೋ ಬಂದಿದ್ದು ಅಂತಿಟ್ಟುಕೊಳ್ಳಿ. ಅದು ಕರ್ನಾಟಕದ ನೋಂದಣಿ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವುದಾದರೆ ಅಲ್ಲಿನ ನಂಬರ್ ತೆಗೆದುಕೊಳ್ಳಬೇಕು. ಮೊದಲು ಕರ್ನಾಟಕದ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಆಮೇಲೆ ಇಲ್ಲಿ ಫಾರ್ಮ್ 27ರಲ್ಲಿ ಹೊಸ ನಂಬರಿಗೆ ಅರ್ಜಿ. ಮಾಲೀಕರ ಹೆಸರು ಬದಲಾಗಬೇಕಾದರೆ ಫಾರ್ಮ್ 29 ಮತ್ತು 30 ಕೂಡ ಬೇಕು. ಅಜ್ಜ ತೀರಿಹೋಗಿದ್ದರೆ ಅರ್ಜಿ ಬೇರೆ, ಫಾರ್ಮ್ 31. ಅದಕ್ಕೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಒಪ್ಪಿಗೆ ಸೇರಿಸಬೇಕು.

'ವಿಂಟೇಜ್' ನೋಂದಣಿ ಮಾಡಿಸಬೇಕಾ ಅಂತ ತುಂಬ ಜನ ಕೇಳುತ್ತಾರೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ ಇದು ಸಿಗುತ್ತದೆ. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ನವೀಕರಣಕ್ಕೆ 5,000. ಹಳೆ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಒಂದು ಕಟ್ಟುಪಾಡು ಇದೆ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಬೇಕಲ ಕೋಟೆಗೆ ಹೋಗಬೇಕು, ಮಧೂರು ದೇವಸ್ಥಾನಕ್ಕೆ ಹೋಗಬೇಕು ಅನ್ನುವವರು ಆ ದಾರಿ ಹಿಡಿಯಬೇಡಿ. ಮಾಮೂಲಿ ನೋಂದಣಿಯನ್ನೇ ಫಾರ್ಮ್ 25ರಲ್ಲಿ ನವೀಕರಿಸಿ. 15 ವರ್ಷ ಕಳೆದ ಕಾರಿಗೆ ಇದು 5 ವರ್ಷಕ್ಕೊಮ್ಮೆ ಆಗಬೇಕು, ಗಾಡಿಯನ್ನು ತಪಾಸಣೆಗೆ ತೋರಿಸಬೇಕು.

ಹಂತ 2: ತುಕ್ಕು

ಮಲಯಾಳದಲ್ಲಿ ತುರುಂಬು. ಕಾಸರಗೋಡಿನ ಯಾವ ಟಿಂಕರಿಂಗ್ ಶೆಡ್‌ಗೆ ಹೋದರೂ ಮೊದಲು ಕೇಳಿಸುವ ಶಬ್ದ ಇದು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಜಡಿಮಳೆ, ಉಳಿದ ತಿಂಗಳಲ್ಲೂ ತೇವ. ಹಟ್ಟಿಯ ಹತ್ತಿರ ನಿಂತ ಕಾರಿಗೆ ಇದರ ಮೇಲೆ ಗಂಜಳದ ಆವಿಯೂ ಸೇರುತ್ತದೆ.

ಹೊರಗೆ ಕಾಣುವ ತುಕ್ಕಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಸುಲಭ. ಭಯ ಇರುವುದು ಒಳಗಿನದ್ದರ ಬಗ್ಗೆ. ಕಾಲಿಡುವ ತಗಡು, ಬಾಗಿಲ ಕೆಳ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ಕೂರುವ ತಟ್ಟೆ, ಜ್ಯಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಪಟ್ಟಿ ಬಾಡಿಗೆ ಸೇರುವ ಜಾಗ. ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಹಾಳಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆಲ್ಲ ಓಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ ಅಂತ ಅರ್ಥ. ಪುಟ್ಟಿ ಅಂದರೆ ತೂತು, ತಗ್ಗು ಮುಚ್ಚಲು ಮೆತ್ತುವ ಅಂಟು.

ಹಾಳಾದ ತಗಡನ್ನು ಕತ್ತರಿಸಿ ತೆಗೆದು ಹೊಸ ತುಂಡು ವೆಲ್ಡ್ ಮಾಡಿಸಬೇಕು. ಹಳೆ ತಗಡಿನ ಮೇಲೆಯೇ ಹೊಸದನ್ನು ಹೊದಿಸಿ ವೆಲ್ಡ್ ಮಾಡುವುದಕ್ಕೆ ಒಪ್ಪಲೇಬೇಡಿ. ನಡುವೆ ನೀರು ನಿಂತು ಎರಡೇ ಮಳೆಗಾಲದಲ್ಲಿ ಮತ್ತೆ ಅದೇ ಕತೆ. ಪೆಟ್ರೋಲ್ ಟ್ಯಾಂಕ್ ಹತ್ತಿರ ವೆಲ್ಡಿಂಗ್ ಇದ್ದರೆ ಟ್ಯಾಂಕ್ ಬಿಚ್ಚಿ ದೂರ ಇಡಿಸಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗಿನ ಆವಿ ಸಿಡಿಯುತ್ತದೆ.

ಹಂತ 3: ಎಂಜಿನ್ ಎಬ್ಬಿಸುವುದು

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ನೇರ ಸೆಲ್ಫ್ ಹೊಡೆಯಬೇಡಿ. ಪ್ಲಗ್ ನಾಲ್ಕೂ ಬಿಚ್ಚಿ, ಪ್ರತಿ ಸಿಲಿಂಡರಿಗೂ ಎರಡು ಮೂರು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಹಾಗೇ ಬಿಡಿ. ಹಳೆ ಆಯಿಲ್ ತೆಗೆದು ಹೊಸದು ಹಾಕಿ. ಆಮೇಲೆ ಕೈಯಲ್ಲಿ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದ ಹಾಗೆ.

ಹಳೆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಶೇಕಡಾ 20ರವರೆಗೆ. ಅದು ಹಳೆ ಕಾಲದ ರಬ್ಬರ್ ಪೈಪ್, ಪಂಪ್‌ನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಎರಡನ್ನೂ ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಂಧನದ ಪೈಪ್‌ಗಳನ್ನೆಲ್ಲ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಇದು ದೊಡ್ಡ ಖರ್ಚಲ್ಲ. ಬಿಟ್ಟರೆ ಮಾತ್ರ ಬೆಂಕಿಯ ಅಪಾಯ.

ವೈರಿಂಗ್ ಬಗ್ಗೆ ಎರಡು ಮಾತು. ಇಲಿ ಕಡಿದ ವೈರನ್ನು ಟೇಪ್ ಸುತ್ತಿ ಬಿಡಬೇಡಿ, ಪೂರ್ತಿ ಬದಲಿಸಿ. ಕೆಲವು ಹಳೆ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಬಾಡಿಯ ತಗಡಿಗೆ ಸೇರುವುದು ಬ್ಯಾಟರಿಯ ಮೈನಸ್ ಅಲ್ಲ, ಪ್ಲಸ್. ಬ್ಯಾಟರಿ ಜೋಡಿಸುವ ಮೊದಲು ಇದನ್ನು ಕಣ್ಣಾರೆ ನೋಡಿಕೊಳ್ಳಿ.

ಹಂತ 4: ಬ್ರೇಕ್

ಪದ್ಮಿನಿಗೂ (ಮೇಲೆ ಹೇಳಿದ ಫಿಯೆಟ್ಟೇ, ಆಮೇಲೆ ಬಂದ ಹೆಸರು) ಹಳೆ ಅಂಬಾಸಿಡರಿಗೂ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಬ್ರೇಕ್ ಆಯಿಲ್‌ನ ಲೈನ್ ಒಂದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಇಲ್ಲಿ ಉಳಿತಾಯ ಬೇಡ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್‌ಗಳ ರಬ್ಬರ್ ಕಿಟ್, ಎಲ್ಲ ಹೋಸ್ ಪೈಪ್, ತುಕ್ಕು ಹಿಡಿದ ಲೋಹದ ಪೈಪ್, ಎಲ್ಲ ಹೊಸದು. ಡ್ರಮ್ ಒಳಗೆ ಗೆರೆ ಬಿದ್ದಿದ್ದರೆ ಲೇತ್‌ನಲ್ಲಿ ಉಜ್ಜಿಸಿ. ಇದು ಮುಗಿಯದೆ ಕಾರನ್ನು ಗೇಟಿನಿಂದ ಹೊರಗೆ ತೆಗೆಯಬೇಡಿ, ಅಂಗಳದಲ್ಲೂ ಓಡಿಸಬೇಡಿ. ನಮ್ಮ ಮನೆಗಳ ಅಂಗಳದಿಂದ ರಸ್ತೆಗೆ ಇಳಿಜಾರೇ ಜಾಸ್ತಿ ಅಲ್ವಾ?

ಹಂತ 5: ರಿಮ್

ಟಯರಿಗೆ ಮೊದಲು ರಿಮ್ ನೋಡಿ. ಹಳೆ ಟಯರ್, ಟ್ಯೂಬ್ ಬಿಚ್ಚಿಸಿ, ರಿಮ್ ಒಳಭಾಗವನ್ನು ವಯರ್ ಬ್ರಷ್‌ನಲ್ಲಿ ಉಜ್ಜಿ. ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಇದ್ದರೆ ಆ ರಿಮ್ ಗುಜರಿಗೆ, ವೆಲ್ಡ್ ಮಾಡಿಸಬೇಡಿ.

ಬಾಗಿದೆಯಾ ತಿಳಿಯಲು ರಿಮ್ ಅನ್ನು ಕಾರಿಗೆ ಹಾಕಿ, ಚಕ್ರ ನೆಲ ಬಿಡುವಷ್ಟು ಎತ್ತಿ, ರಿಮ್ ಅಂಚಿನ ಹತ್ತಿರ ಒಂದು ಚಾಕ್ ಅಲುಗಾಡದಂತೆ ಹಿಡಿದು ತಿರುಗಿಸಿ. ಸುತ್ತಲೂ ಒಂದೇ ಥರ ಗೆರೆ ಬಿದ್ದರೆ ನೇರ. ಒಂದೇ ಕಡೆ ಬಿದ್ದರೆ ಬಾಗಿದೆ.

ಈಗ ಅಗಲ ಅಳೆಯಿರಿ. ರಿಮ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ತಪ್ಪು. ಟಯರಿನ ತುಟಿ, ಅಂದರೆ ರಿಮ್‌ಗೆ ಕಚ್ಚಿಕೊಳ್ಳುವ ಒಳ ಅಂಚು, ಕೂರುವ ಒಳಗಿನ ಎರಡು ಗೋಡೆಗಳ ನಡುವಿನ ಅಂತರ ಬೇಕು. ಅದನ್ನು ಇಂಚಿನಲ್ಲಿ ಬರೆದಿಡಿ. ಈ ಒಂದು ಅಳತೆ ಇಲ್ಲದೆ ಟಯರ್ ಅಂಗಡಿಗೆ ಹೋಗುವುದು ಕಾಲಿನ ಅಳತೆ ಗೊತ್ತಿಲ್ಲದೆ ಚಪ್ಪಲಿ ತರಲು ಇನ್ನೊಬ್ಬರನ್ನು ಕಳಿಸಿದ ಹಾಗೆ.

ರಿಮ್‌ಗೆ ಪೇಂಟ್ ಹೊಡೆಸುವಾಗ ನಟ್ ಕೂರುವ ಜಾಗದಲ್ಲಿ ದಪ್ಪ ಪೇಂಟ್ ಬೇಡ. ಓಡಿದ ಮೇಲೆ ಆ ಪೇಂಟ್ ಪುಡಿಯಾಗಿ ನಟ್ ಸಡಿಲಾಗುತ್ತದೆ. ಇನ್ನು ಕೆಲವು ಹಳೆ ಜೀಪ್‌ಗಳಲ್ಲಿ ಎಡಬದಿಯ ಚಕ್ರದ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಬಿಚ್ಚಲು ಬರುತ್ತಿಲ್ಲ ಅಂತ ಪೈಪ್ ಹಾಕಿ ಬಲ ಕೊಟ್ಟರೆ ಬೋಲ್ಟೇ ತುಂಡಾಗುತ್ತದೆ.

ಹಂತ 6: ಟಯರಿನ ಅಳತೆ ಹೊಂದಿಸುವುದು

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಹಳೆ ಕಾರುಗಳಿಗೆ ಬರುತ್ತಿದ್ದದ್ದು ಅಂಗಡಿಯವರು 'ನೈಲಾನ್' ಅನ್ನುವ ಟಯರ್. ಅದರೊಳಗಿನ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತವೆ. ಈಗಿನದ್ದು 'ರೇಡಿಯಲ್'. ಅದರಲ್ಲಿ ನೂಲು ಒಂದು ತುಟಿಯಿಂದ ಇನ್ನೊಂದು ತುಟಿಗೆ ನೇರ ಹೋಗುತ್ತದೆ, ಮೇಲೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಎರಡಕ್ಕೂ ಅಳತೆ ಬರೆಯುವ ಕ್ರಮ ಬೇರೆ.

ಪದ್ಮಿನಿಯ ಮೂಲ ಅಳತೆ 5.20-14. ಇಲ್ಲಿ 5.20 ಅಂದರೆ ಟಯರಿನ ಅಗಲ ಇಂಚಿನಲ್ಲಿ, 14 ಅಂದರೆ ರಿಮ್‌ನ ವ್ಯಾಸ, ಅದೂ ಇಂಚಿನಲ್ಲಿ. ಅಂಬಾಸಿಡರಿನದ್ದು 5.90-15. ಸ್ಟ್ಯಾಂಡರ್ಡ್ ಹೆರಾಲ್ಡ್ 5.20-13. ವಿಲ್ಲೀಸ್ ಜೀಪ್ 6.00-16.

ರೇಡಿಯಲ್ ಮೇಲೆ 155/80 ಆರ್ 14 ಅಂತ ಬರೆದಿರುತ್ತದೆ. 155 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 80 ಅಂದರೆ ಟಯರಿನ ಗೋಡೆಯ ಎತ್ತರ, ಅಗಲದ ಶೇಕಡಾ 80. 14 ರಿಮ್.

ಎರಡನ್ನೂ ಹೋಲಿಸಲು ಬೇಕಾದದ್ದು ಟಯರಿನ ಒಟ್ಟು ಎತ್ತರ. ಹಳೆ ನೈಲಾನ್ ಟಯರಿನ ಗೋಡೆ ಅಗಲದ ಶೇಕಡಾ 95ರಷ್ಟು ಎತ್ತರ ಅಂತ ಅಂದಾಜು ಹಿಡಿಯಿರಿ. ಪದ್ಮಿನಿಯದ್ದು ಲೆಕ್ಕ ಹಾಕೋಣ. 5.20 ಇಂಚು ಅಂದರೆ 132 ಮಿ.ಮೀ. ಅದರ ಶೇಕಡಾ 95 ಅಂದರೆ 125. ಮೇಲೆ ಕೆಳಗೆ ಎರಡು ಗೋಡೆ, 250. ಅದಕ್ಕೆ ರಿಮ್‌ನ 14 ಇಂಚು, ಅಂದರೆ 356 ಸೇರಿಸಿ. ಒಟ್ಟು ಸುಮಾರು 606 ಮಿ.ಮೀ.

ಈಗ ರೇಡಿಯಲ್. 155ರ ಶೇಕಡಾ 80 ಅಂದರೆ 124. ಎರಡು ಗೋಡೆ 248. ರಿಮ್ ಸೇರಿಸಿ 604. ಎರಡು ಮಿಲಿಮೀಟರ್ ವ್ಯತ್ಯಾಸ ಅಷ್ಟೇ. ಹಾಗಾಗಿ ಪದ್ಮಿನಿಗೆ 155/80 ಆರ್ 14 ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಸಿಗದಿದ್ದರೆ? 165/80 ಆರ್ 14 ನೋಡಿ. ಇದು ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬಂದ ಅಳತೆ, ಹಾಗಾಗಿ ಕಾಸರಗೋಡಿನ ಅಂಗಡಿಯಲ್ಲೂ ಕೇಳಬಹುದು. ಒಟ್ಟು ಎತ್ತರ ಸುಮಾರು 620. ಮೂಲಕ್ಕಿಂತ ಶೇಕಡಾ 2ರಷ್ಟು ಜಾಸ್ತಿ, ನಡೆಯುತ್ತದೆ. ಆದರೆ ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ನಾಲ್ಕು ಜನ ಕೂತು, ಎಲ್ಲಾದರೂ ತಾಗುತ್ತದಾ ಅಂತ ನೋಡಿಯೇ ದುಡ್ಡು ಕೊಡಿ. ನಿಮ್ಮ ರಿಮ್ ಅಗಲಕ್ಕೆ ಆ ಟಯರ್ ಒಪ್ಪುತ್ತದಾ ಅನ್ನುವುದನ್ನು ಕಂಪನಿಯ ಪಟ್ಟಿಯಲ್ಲಿ ನೋಡಿಸಿ. 165/70 ಆರ್ 14 ಕೂಡ ಎಲ್ಲ ಕಡೆ ಸಿಗುತ್ತದೆ, ಆದರೆ ಅದರ ಎತ್ತರ 587 ಮಾತ್ರ. ಕಾರು ತಗ್ಗುತ್ತದೆ, ಎಂಜಿನ್ ಜಾಸ್ತಿ ಸುತ್ತಬೇಕಾಗುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಮೂಲ ಎತ್ತರಕ್ಕೂ ಹೊಸದಕ್ಕೂ ವ್ಯತ್ಯಾಸ ಶೇಕಡಾ 3ರ ಒಳಗೆ ಇರಲಿ ಅನ್ನುವುದು ನಾನು ಪಾಲಿಸುವ ಲೆಕ್ಕ.

ಅಂಬಾಸಿಡರ್ ಇರುವವರು ಇನ್ನೂ ಹುಷಾರಾಗಿರಬೇಕು. "15 ಇಂಚು ತಾನೇ? ಇದೆ, ಬನ್ನಿ" ಅಂತ ಅಂಗಡಿಯವರು 185/65 ಆರ್ 15 ತೋರಿಸುತ್ತಾರೆ. ಅದರ ಎತ್ತರ ಸುಮಾರು 621. ನಿಮ್ಮ 5.90-15 ಇರುವುದು 660ರ ಆಸುಪಾಸಿನಲ್ಲಿ. 4 ಸೆಂಟಿಮೀಟರ್ ಕಡಿಮೆ! ಅಂಬಾಸಿಡರ್ ಅಂದರೆ ಎತ್ತರಕ್ಕೆ, ಹಳ್ಳಿ ರಸ್ತೆಗೆ ಮಾಡಿದ ಗಾಡಿ. ಅದನ್ನು ನೆಲಕ್ಕೆ ತಾಗಿಸಿ ಮಣ್ಣಿನ ರಸ್ತೆಗೆ ಇಳಿಸಿದರೆ ಅಡಿಭಾಗ ಕಲ್ಲಿಗೆ ಬಡಿಯುತ್ತದೆ. ನಿಮಗೆ ಬೇಕಾದದ್ದು 175/80 ಆರ್ 15 (661 ಮಿ.ಮೀ.) ಅಥವಾ 165/80 ಆರ್ 15 (645 ಮಿ.ಮೀ.). ಇಲ್ಲವಾದರೆ ಮೂಲ 5.90-15 ನೈಲಾನ್.

ಜೀಪ್‌ನವರಿಗೆ ಬೇರೆಯೇ ಎಚ್ಚರಿಕೆ. 6.00-16 ಹುಡುಕಿದರೆ ಸುಲಭವಾಗಿ ಸಿಗುತ್ತದೆ, ಯಾಕೆಂದರೆ ಟ್ರಾಕ್ಟರಿನ ಮುಂದಿನ ಚಕ್ರಕ್ಕೂ ಇದೇ ಅಳತೆ ಇದೆ. ಟ್ರಾಕ್ಟರ್ ಟಯರನ್ನು ಗುರುತಿಸುವುದು ಕಷ್ಟವಲ್ಲ. ಸುತ್ತಲೂ ಮೂರು ಎತ್ತರದ ಏಣು ಇರುತ್ತದೆ, ಪಕ್ಕದಲ್ಲಿ ಎ6 ಅಥವಾ ಎ8 ಅಂತ ಬರೆದಿರುತ್ತದೆ. ಎ8 ಅಂದರೆ ಗಂಟೆಗೆ 40 ಕಿಲೋಮೀಟರ್‌ಗೆ ಮಾಡಿದ ಟಯರ್, ಎ6 ಅಂದರೆ 30ಕ್ಕೆ. ಗದ್ದೆಗೆ ಸರಿ. ಅದನ್ನು ಹಾಕಿಕೊಂಡು ಹೆದ್ದಾರಿಗೆ ಹೋಗಬೇಡಿ.

ನಿಮ್ಮ ಕಾರಿನ ಅಳತೆ ಪಟ್ಟಿಯಲ್ಲಿ ಸಿಗದಿದ್ದರೆ ಹಳೆ ಟಯರಿನಿಂದಲೇ ಅಳೆಯಬಹುದು. ಟಯರಿಗೆ ಸರಿಯಾಗಿ ಗಾಳಿ ತುಂಬಿಸಿ. ಸಿಮೆಂಟ್ ಅಂಗಳದಲ್ಲಿ ಕಾರು ನಿಲ್ಲಿಸಿ, ಟಯರ್ ನೆಲ ಮುಟ್ಟುವ ಜಾಗದಲ್ಲಿ ಟಯರಿಗೂ ನೆಲಕ್ಕೂ ಚಾಕ್‌ನಲ್ಲಿ ಗೆರೆ ಎಳೆಯಿರಿ. ಇಬ್ಬರು ಸೇರಿ ಕಾರನ್ನು ನೇರ ಮುಂದೆ ನೂಕಿ. ಟಯರಿನ ಗೆರೆ ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗೆರೆ. ಎರಡು ಗೆರೆಯ ನಡುವಿನ ದೂರವನ್ನು 3.14ರಿಂದ ಭಾಗಿಸಿ. ಭಾರ ಬಿದ್ದು ಟಯರ್ ಸ್ವಲ್ಪ ಕುಗ್ಗಿರುವುದರಿಂದ ಉತ್ತರ ನಿಜದ ಎತ್ತರಕ್ಕಿಂತ ತುಸು ಕಡಿಮೆ ಬರುತ್ತದೆ, ಆದರೆ ಹೋಲಿಸಲು ಸಾಕು.

ನೈಲಾನ್ ಒಳ್ಳೆಯದಾ, ರೇಡಿಯಲ್ ಒಳ್ಳೆಯದಾ? ಪ್ರದರ್ಶನಕ್ಕೆ ಇಡುವ ಕಾರಿಗೆ ನೈಲಾನ್ ಚೆಂದ, ಮೂಲ ರೂಪ ಉಳಿಯುತ್ತದೆ. ಓಡಿಸುವ ಕಾರಿಗೆ ನಾನು ರೇಡಿಯಲ್ ಪರ. ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ನಿಲ್ಲಿಸಿದಲ್ಲೇ ಸ್ಟೇರಿಂಗ್ ತಿರುಗಿಸುವಾಗ ಸ್ವಲ್ಪ ಭಾರ ಅನಿಸುತ್ತದೆ, ಅಭ್ಯಾಸವಾಗುತ್ತದೆ. ಆದರೆ ಎರಡನ್ನೂ ಬೆರೆಸಬೇಡಿ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಹಾಕಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತದೆ. ಹಾಕುವುದಾದರೆ ನಾಲ್ಕೂ ಒಂದೇ ಜಾತಿ, ಸ್ಟೆಪ್ನಿಯೂ ಅದೇ.

ಹಂತ 7: ಟಯರ್ ಕೊಳ್ಳುವುದು

ಟಯರಿನ ವಯಸ್ಸು ನೋಡುವುದನ್ನು ಮೊದಲು ಕಲಿಯಿರಿ. ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಲೇಬೇಡಿ. ಈ ಅಂಕಿ ಒಂದೇ ಬದಿಯಲ್ಲಿ ಇರಬಹುದು, ಹಾಗಾಗಿ ಟಯರ್ ತಿರುಗಿಸಿ ಎರಡೂ ಬದಿ ನೋಡಿ.

ನಾನೂ ಒಮ್ಮೆ ಮೋಸಹೋಗಿದ್ದೇನೆ. ಗ್ರಿಪ್ ಹೊಸದರ ಹಾಗೇ ಇತ್ತು, ಕಪ್ಪಗೆ ಹೊಳೆಯುತ್ತಿತ್ತು. ಮನೆಗೆ ತಂದು ಸೋಪು ಹಾಕಿ ತೊಳೆದಾಗ ಪಾಲಿಶ್ ಹೋಯಿತು. ರಿಮ್ ಹತ್ತಿರ ಸುತ್ತಲೂ ಒಣಗಿದ ಗದ್ದೆಯ ಹಾಗೆ ಬಿರುಕು. ಅಂಕಿ ನೋಡಿದರೆ ಹನ್ನೆರಡು ವರ್ಷ ಹಳೆಯದು. ಟಯರ್ ಓಡದಿದ್ದರೂ ಮುದಿಯಾಗುತ್ತದೆ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಐದಾರು ವರ್ಷ ಕಳೆದ ಟಯರನ್ನು ಪ್ರತಿ ವರ್ಷ ತಪಾಸಿಸಿ. ಹತ್ತು ವರ್ಷ ಆದದ್ದನ್ನು, ಗ್ರಿಪ್ ಎಷ್ಟೇ ಇರಲಿ, ಬದಲಿಸಿ. ಹಳೆ ಕಾರು ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಟಯರ್ ಸವೆಯುವ ಮೊದಲೇ ಮುದಿಯಾಗುತ್ತದೆ.

ಆಮೇಲೆ ಭಾರದ ಅಂಕಿ. ಅಳತೆಯ ಪಕ್ಕದಲ್ಲೇ 78, 82 ಅಂತ ಬರೆದಿರುತ್ತದೆ. 78 ಅಂದರೆ ಒಂದು ಟಯರ್ 425 ಕೆಜಿ ಹೊರುತ್ತದೆ, 82 ಅಂದರೆ 475, 88 ಅಂದರೆ 560. ಪದ್ಮಿನಿ ಖಾಲಿ ಇದ್ದಾಗ ಸುಮಾರು 900 ಕೆಜಿ. ಜನ, ಸಾಮಾನು ಸೇರಿಸಿ ಲೆಕ್ಕ ಹಾಕಿದರೂ 78 ಸಾಕು. ಅಂಬಾಸಿಡರಿಗೆ ಜಾಸ್ತಿ ಬೇಕು. ಅಂಕಿಯ ನಂತರದ ಅಕ್ಷರ ವೇಗದ್ದು. ಎಸ್ ಅಂದರೆ ಗಂಟೆಗೆ 180, ಟಿ ಅಂದರೆ 190. ನಮ್ಮ ಗಾಡಿಗೆ ಯಾವುದಾದರೂ ಆದೀತು. ನೈಲಾನ್ ಟಯರಿನಲ್ಲಿ 4 ಪಿಆರ್, 6 ಪಿಆರ್ ಅಂತ ಇರುತ್ತದೆ, ಅದು ಗಟ್ಟಿತನದ ದರ್ಜೆ. ಐಎಸ್‌ಐ ಮುದ್ರೆ ಇದೆಯಾ ಅಂತಲೂ ನೋಡಿ, ನಮ್ಮ ದೇಶದಲ್ಲಿ ಮಾರುವ ಕಾರ್ ಟಯರಿಗೆ ಅದು ಕಡ್ಡಾಯ.

ಎಲ್ಲಿ ಹುಡುಕುವುದು? ಮೊದಲು ಕಾಸರಗೋಡು, ಮಂಗಳೂರಿನ ಡೀಲರ್‌ಗಳಲ್ಲಿ ಅಳತೆ ಬರೆದುಕೊಟ್ಟು ಆರ್ಡರ್ ಹಾಕಿಸಿ. "ಇಲ್ಲ" ಅಂದರೆ ಸ್ಟಾಕ್ ಇಲ್ಲ ಅಂತ ಅರ್ಥ. ಕಂಪನಿ ಮಾಡುತ್ತಲೇ ಇಲ್ಲ ಅಂತ ಅಲ್ಲ. ಗೋದಾಮಿನಿಂದ ತರಿಸುತ್ತೀರಾ ಅಂತ ಮತ್ತೊಮ್ಮೆ ಕೇಳಿ. ಬೇರೆ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ ಸುತ್ತಿ ಬನ್ನಿ. ಪದ್ಮಿನಿಯ ಸಾಮಾನಿಗೆ ಮುಂಬಯಿ. ಅಲ್ಲಿ ದಶಕಗಳ ಕಾಲ ಟ್ಯಾಕ್ಸಿಯಾಗಿ ಓಡಿದ್ದು ಇದೇ ಕಾರು. ರಿಮ್, ಡ್ರಮ್, ಬಾಗಿಲ ಹಿಡಿ ಇಂಥದ್ದನ್ನು ಗುಜರಿಯಲ್ಲಿ ಧೈರ್ಯವಾಗಿ ತನ್ನಿ. ಟಯರ್, ಬ್ರೇಕ್ ರಬ್ಬರ್ ಮಾತ್ರ ಗುಜರಿಯಿಂದ ಬೇಡ. ರೀಸೋಲ್ ಟಯರ್, ಅಂದರೆ ಸವೆದ ಟಯರಿಗೆ ಹೊಸ ಗ್ರಿಪ್ ಅಂಟಿಸಿದ್ದು, ಅದೂ ಬೇಡ.

ಅಮೆರಿಕದ ಕೋಕರ್, ಬ್ರಿಟನ್‌ನ ಬ್ಲಾಕ್ಲಿಯಂಥ ಕಂಪನಿಗಳು ಹಳೆ ಅಳತೆಯ ಟಯರ್ ಈಗಲೂ ಮಾಡುತ್ತವೆ. ಆದರೆ 2020ರ ಜೂನ್‌ನಿಂದ ಹೊಸ ಕಾರ್ ಟಯರ್ ಆಮದಿಗೆ ನಮ್ಮಲ್ಲಿ ನಿರ್ಬಂಧ ಇದೆ, ಪರವಾನಗಿ ಬೇಕು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಮೇಲೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳಬೇಡಿ. ತೀರಾ ಅಪರೂಪದ ಅಳತೆ ಇದ್ದವರು ವಿಂಟೇಜ್ ಕಾರ್ ಕ್ಲಬ್‌ಗಳ ಮೂಲಕ ದಾರಿ ಕೇಳಿಕೊಂಡು ಮುಂದೆ ಹೋಗಿ.

ಹಂತ 8: ಹಾಕಿಸುವುದು

ಹಳೆ ರಿಮ್‌ನಲ್ಲಿ ಟಯರನ್ನು ಹಿಡಿದಿಡುವ ಒಳಗಿನ ಏಣು ಇರುವುದಿಲ್ಲ. ಹಾಗಾಗಿ ಟ್ಯೂಬ್‌ಲೆಸ್ ಟಯರ್ ಸಿಕ್ಕಿದರೂ ಟ್ಯೂಬ್ ಹಾಕಿಯೇ ಓಡಿಸಿ. ಟ್ಯೂಬ್ ಹೊಸದಿರಲಿ, ರೇಡಿಯಲ್‌ಗೆ ಹೊಂದುವ ಅಂತ ಬರೆದದ್ದಿರಲಿ. ಹಾಕುವ ಮೊದಲು ಟಯರ್ ಒಳಗೆ ಕೈ ಆಡಿಸಿ. ಅಲ್ಲಿ ಅಂಟಿಸಿದ ಕಾಗದದ ಚೀಟಿ ಇದ್ದರೆ ಕಿತ್ತು, ಅಂಟು ಒರೆಸಿ. ಆ ಚೀಟಿಯ ಅಂಚು ಉಜ್ಜಿ ಉಜ್ಜಿಯೇ ಎಷ್ಟೋ ಟ್ಯೂಬ್ ತೂತಾಗುತ್ತವೆ. ಒಳಗೆ ಪೌಡರ್ ಹಾಕಿಸಿ. ರಿಮ್‌ನ ತೂತಿಗೆ ವಾಲ್ವ್ ದಪ್ಪ ಸರಿಹೊಂದಬೇಕು, ಸಡಿಲ ಇದ್ದರೆ ವಾಲ್ವ್ ಬುಡದಲ್ಲಿ ಹರಿಯುತ್ತದೆ.

ಗಾಳಿ ಎಷ್ಟು? ಮ್ಯಾನ್ಯುಯಲ್‌ನಲ್ಲಿ ಇರುವುದು ನೈಲಾನ್ ಟಯರಿನ ಲೆಕ್ಕ. ರೇಡಿಯಲ್‌ಗೆ ಅದಕ್ಕಿಂತ ಎರಡರಿಂದ ನಾಲ್ಕು ಪಿಎಸ್‌ಐ ಜಾಸ್ತಿ ಹಾಕಿ ಶುರುಮಾಡಿ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿ. ಅರ್ಧ ಗಂಟೆ ಓಡಿಸಿ ಬಂದು ಮತ್ತೆ ನೋಡಿ. 4 ಪಿಎಸ್‌ಐಗಿಂತ ಜಾಸ್ತಿ ಏರಿದ್ದರೆ ನೀವು ಹಾಕಿದ್ದು ಕಡಿಮೆ, ಟಯರ್ ಬಳುಕಿ ಬಿಸಿಯಾಗಿದೆ. ತೀರಾ ಕಡಿಮೆ ಏರಿದ್ದರೆ ಹಾಕಿದ್ದು ಜಾಸ್ತಿ.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ. 50 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಮಾಡಿ. ಮರೆಯಬೇಡಿ.

ಹಂತ 9: ಪೇಂಟ್

ಇಲ್ಲಿಗೆ ಬಂದ ಮೇಲೆ ಪೇಂಟ್. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೊಡೆಸಿ. ಎನ್‌ಸಿ ಪೇಂಟ್, ಅಂದರೆ ಬೇಗ ಒಣಗುವ ಹಳೆ ಕಾಲದ ಪೇಂಟ್, ತೇವದ ಗಾಳಿಯಲ್ಲಿ ಹೊಡೆದರೆ ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ನನ್ನನ್ನು ಕೇಳಿದರೆ ಅಜ್ಜ ಓಡಿಸುತ್ತಿದ್ದ ಬಣ್ಣವನ್ನೇ ಉಳಿಸಿಕೊಳ್ಳಿ. ಡ್ಯಾಶ್‌ಬೋರ್ಡ್ ಒಳಗೆ, ಬಾಗಿಲ ಪ್ಯಾಡ್ ಹಿಂದೆ ಅದು ಇನ್ನೂ ಹಾಗೇ ಇರುತ್ತದೆ.

ಹಂತ 10: ಮಳೆಗಾಲದಲ್ಲಿ ನಿಲ್ಲಿಸುವುದು

ಜೂನ್ ಬರುವ ಮೊದಲು ಕಾರನ್ನು ತೊಳೆದು, ಅಡಿಭಾಗದ ಮಣ್ಣು, ಉಪ್ಪು ಹೋಗುವ ಹಾಗೆ ನೀರು ಹೊಡೆದು, ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರುತ್ತದೆ. ಬಟ್ಟೆಯ ಹೊದಿಕೆ ಹಾಕಿ. ಬ್ಯಾಟರಿಯ ಒಂದು ವೈರ್ ಬಿಚ್ಚಿಡಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಟಯರಿನ ಅಡಿ ಚಪ್ಪಟೆಯಾಗುತ್ತದೆ. ಅದಕ್ಕೇ ಸ್ಟ್ಯಾಂಡ್ ಮೇಲೆ ಎತ್ತಿಡಿ. ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಕಾರನ್ನು ಒಂದಡಿ ಮುಂದೆ ಹಿಂದೆ ನೂಕಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಲೈನರ್ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಡಿ, ಗೇರ್‌ನಲ್ಲಿ ನಿಲ್ಲಿಸಿ.